ನೆಝಿವಾ ಎಂಬ ಅಡ್ಡಹೆಸರು

“ಅಕ್ಕಾರ, ಈ ಕಾಗದದಾಗ ನಾನು ಸತ್ತೀನಂತ ಬರದಾರ. ನೋಡ್ರಿ.”

ಹಾಗೆಂದವಳು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, ಅದರ ಮೇಲಿಂದ ಕೈ ತೆಗೆಯದೆ ನಿಂತಳು. ಒಣಹುಲ್ಲಿನ ಬಣ್ಣದ ಕೂದಲಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿದ್ದಳು. ಹಣೆಯಲ್ಲಿ ತೆಳ್ಳಗೆ ವಿಭೂತಿ. ಮಾತು ಮಾತ್ರ ಅಚ್ಚ ನಮ್ಮ ಕಡೆಯದು, ‘ಳ’ ಎನ್ನುವಾಗ ನಾಲಿಗೆ ತುಸು ತೊಡರುವುದೊಂದನ್ನು ಬಿಟ್ಟರೆ. ಹಿಂದೆ ಅವಳ ಗಂಡ ನಿಂತಿದ್ದ. ತೆಲಿಗಿಯಲ್ಲಿ ಸಣ್ಣ ದವಾಖಾನೆ ಇಟ್ಟುಕೊಂಡಿರುವ ಡಾಕ್ಟರ್ ತಿಪ್ಪೇಶ. ವೈದ್ಯಕೀಯ ಓದಲು ಉಕ್ರೇನಿಗೆ ಹೋಗಿ, ಅಲ್ಲೇ ಮದುವೆಯಾಗಿ, ಯುದ್ಧ ಶುರುವಾದಾಗ ಹೆಂಡತಿಯನ್ನೂ ಹಸುಗೂಸು ಮಗಳನ್ನೂ ಕರೆದುಕೊಂಡು ಊರಿಗೆ ಬಂದವನು ಎಂಬುದಷ್ಟೇ ನನಗೆ ಗೊತ್ತಿತ್ತು.

ಹರಪನಹಳ್ಳಿಯ ಕೋರ್ಟಿನ ಎದುರು ಸಾಲಿನಲ್ಲಿ ನನ್ನದೊಂದು ಕೋಣೆ. ಹಳೆಯ ಉರ್ದು ಕ್ರಯಪತ್ರ, ನಿಕಾಹ್‌ನಾಮಾ, ಇಂಗ್ಲಿಷ್ ದಾಖಲೆ ಇಂಥವನ್ನು ಕನ್ನಡಕ್ಕೆ, ಕನ್ನಡದವನ್ನು ಇಂಗ್ಲಿಷಿಗೆ ತಂದು, ‘ಮೂಲಕ್ಕೆ ಸರಿಯಾಗಿದೆ’ ಎಂದು ಸಹಿ ಹಾಕಿಕೊಡುವುದು ನನ್ನ ಕೆಲಸ. ಬದುಕಿರುವವರನ್ನು ಸತ್ತರೆಂದು ಬರೆದ ಕಾಗದಗಳನ್ನು ನಾನು ನೋಡಿಲ್ಲವೆಂದಲ್ಲ. ಜಮೀನಿನ ಜಗಳಗಳಲ್ಲಿ ಅದು ಇದ್ದದ್ದೇ. ಆದರೆ ಆ ಸತ್ತವಳೇ ಎದುರು ನಿಂತು ನನ್ನ ಮುಖ ನೋಡುತ್ತಿದ್ದದ್ದು ಅದೇ ಮೊದಲು.

ಅವಳು ತಂದದ್ದು ಜಿಲ್ಲಾ ಕೇಂದ್ರದ ಕಚೇರಿಯೊಂದರಿಂದ ಬಂದ ಉತ್ತರ. ಅವಳ ವಾಸದ ಪರವಾನಗಿ ಮುಗಿಯುವುದರಲ್ಲಿತ್ತು. ನವೀಕರಣಕ್ಕೆ ಅರ್ಜಿ ಹಾಕಿದ್ದರು. ಉತ್ತರದಲ್ಲಿ ಹೀಗಿತ್ತು: “ಮಗುವಿನ ಜನನ ಪತ್ರದ ಪ್ರಕಾರ ತಾಯಿಯು ಮೃತಳಾಗಿರುತ್ತಾಳೆ. ಸದರಿ ಅರ್ಜಿದಾರಳು ಯಾರೆಂಬುದನ್ನು ಸ್ಪಷ್ಟಪಡಿಸತಕ್ಕದ್ದು.”

“ಪರವಾನಗಿ ಸಿಗದಿದ್ರ?” ಎಂದು ಕೇಳಿದೆ.

“ಹೋಗಬೇಕಾಕ್ಕತಿ,” ಎಂದ ತಿಪ್ಪೇಶ. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಜನನ ಪತ್ರದ ಮೂಲ ಉಕ್ರೇನಿಯನ್ ಭಾಷೆಯಲ್ಲಿತ್ತು. ಜೊತೆಗೆ ದೂರದ ಊರಿನ ಅನುವಾದ ಸಂಸ್ಥೆಯೊಂದು ಮಾಡಿಕೊಟ್ಟ ಇಂಗ್ಲಿಷ್ ಪ್ರತಿ. ಅದರಲ್ಲಿ ತಾಯಿಯ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಇರಬೇಕಾದ ಜಾಗದಲ್ಲಿ ‘ಡಿಸೀಸ್ಡ್’, ಮೃತ, ಎಂದಿತ್ತು, ಅದರ ಮುಂದೆ ಅವಳ ಹೆಸರು. ಶಾಲೆಯವರು ಅದನ್ನೇ ನೋಡಿ ದಾಖಲೆಯಲ್ಲಿ ‘ತಾಯಿ: ಮೃತ’ ಎಂದು ಬರೆದುಕೊಂಡಿದ್ದರು. ಎರಡೂ ಕಾಗದ ಒಂದೇ ಮಾತು ಹೇಳುತ್ತಿದ್ದುದರಿಂದ ಕಚೇರಿಯವರಿಗೆ ಅನುಮಾನ ಗಟ್ಟಿಯಾಗಿತ್ತು.

ನನಗೆ ಆ ಲಿಪಿ ಬಾರದು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂಲದ ಆ ಒಂದು ಪದವನ್ನು ಅಕ್ಷರ ಅಕ್ಷರ ಓದಿಸಿದೆ. ಅವಳು ಹೇಳಿದಂತೆ ಕನ್ನಡದಲ್ಲಿ ಬರೆದೆ: ನೆ, ಝಿ, ವಾ. ನಮ್ಮ ‘ಜ’ ಅಲ್ಲ, ನಾಲಿಗೆಯನ್ನು ತುಸು ಉಜ್ಜಿ ಹೇಳಬೇಕು. ಅದಕ್ಕೆ ‘ಝ’ ಎಂದೇ ಇಟ್ಟುಕೊಂಡೆ.

“ಇದು ನಮ್ಮಪ್ಪನ ಮನಿ ಹೆಸರು ರೀ,” ಎಂದಳು. “ಬಾಳ ಮಂದಿಗೆ ಇಲ್ಲ. ನಮ್ಮ ಹಳ್ಳಿ, ಹೊಳಿ ದಂಡಿ ಮ್ಯಾಲಿನ ಇನ್ನೊಂದೆರಡು ಹಳ್ಳಿ, ಅಷ್ಟ.”

“ಅರ್ಥ ಏನು?”

ಅವಳು ಗಂಡನ ಮುಖ ನೋಡಿದಳು. ಅವನು ಸ್ವಲ್ಪ ತಡೆದು ಹೇಳಿದ: “ಝಿವಾ ಅಂದ್ರ ಜೀವ ಇರಾಕಿ. ನಮ್ಮ ಜೀವ ಅನ್ನೋ ಪದಾನ ಅದು. ಮುಂದಿನ ‘ನೆ’ ಅಂದ್ರ ಅಲ್ಲ.”

ಜೀವ ಇಲ್ಲದವಳು. ಆ ಮೂರು ಅಕ್ಷರಗಳ ಪಕ್ಕದಲ್ಲಿ ಅದನ್ನೂ ಬರೆದುಕೊಂಡೆ.

“ಮನ್ಯಾಗ ಈ ಅರ್ಥ ಯಾರಿಗೂ ಹೇಳಿಲ್ರಿ,” ಎಂದ ತಿಪ್ಪೇಶ. “ಮೊದಲನೇ ದಿನ ಅವ್ವ ಹೆಸರು ಕೇಳಿದಾಗ ಈಕಿ ಹೆದರಿ ಪೂರಾ ಹೆಸರು ಹೇಳಿದ್ಲು. ಅವ್ವಗ ಕೊನಿ ಎರಡು ಅಕ್ಷರ ಅಷ್ಟ ಕೇಳಿಸ್ತು. ಅವತ್ತಿಂದ ಜೀವಮ್ಮ ಅಂತಾನ ಕರೀತಾಳ.”

ಆ ಅನುವಾದ ಸಂಸ್ಥೆಗೆ ಫೋನು ಮಾಡಿದೆ. ಅತ್ತಲಿನ ಹುಡುಗಿ ಕಡತ ತೆಗೆದು ನೋಡಿ, ಯಾವ ಅಳುಕೂ ಇಲ್ಲದೆ ಹೇಳಿದಳು: “ಕಂಪ್ಯೂಟರ್ ‘ಲೈಫ್‌ಲೆಸ್’ ಅಂತ ಕೊಟ್ಟಿತ್ತು ಮೇಡಂ. ಸರ್ಕಾರಿ ಕಾಗದಕ್ಕೆ ಅದು ಚೆನ್ನಾಗಿ ಕಾಣಲ್ಲ ಅಂತ ನಾವೇ ತಿದ್ದಿ ‘ಡಿಸೀಸ್ಡ್’ ಮಾಡಿದ್ವಿ.”

ಫೋನು ಇಟ್ಟೆ. ಯಂತ್ರ ತಪ್ಪು ಮಾಡಿತ್ತು, ಸರಿ. ಚೆನ್ನಾಗಿ ಕಾಣಲಿ ಎಂದು ಕೊಂದದ್ದು ಮಾತ್ರ ಮನುಷ್ಯರು.

ಇದು ಒಂದೇ ದಿನದ ಕೆಲಸ ಎಂದುಕೊಂಡೆ. ಜೀವಮ್ಮ ಓದಿ ಹೇಳಿದಂತೆ ಹೊಸ ಅನುವಾದ ಮಾಡಿ, ‘ಈ ಪದ ಅಡ್ಡಹೆಸರು, ಹಿಂದಿನ ಅನುವಾದ ದೋಷಪೂರಿತ’ ಎಂದು ಟಿಪ್ಪಣಿ ಬರೆದು, ಗಂಡಹೆಂಡಿರನ್ನು ಕರೆದುಕೊಂಡು ಜಿಲ್ಲಾ ಕಚೇರಿಗೆ ಹೋದೆ. ಪರಿಶೀಲನಾಧಿಕಾರಿ ಒರಟು ಮನುಷ್ಯನಲ್ಲ. ಕುರ್ಚಿ ತರಿಸಿ ಕೂರಿಸಿದ. ಎಲ್ಲವನ್ನೂ ನಿಧಾನವಾಗಿ ಓದಿದ.

“ಅಡ್ಡಹೆಸರು ಅಂತೀರಿ. ಪಾಸ್‌ಪೋರ್ಟಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿರೋ ಹೆಸರೂ ಈ ಪತ್ರದ ಪದವೂ ಒಂದೇ ಅಂತ ನಾನು ಹೆಂಗ ತಿಳೀಲಿ? ಯಾರಾದರೂ ‘ಜೀವ ಇಲ್ಲದವರು’ ಅಂತ ಹೆಸರು ಇಟ್ಕೊಂತಾರೇನ್ರಿ? ಇನ್ನೊಂದು ನೋಡ್ರಿ, ಈಕೆಯ ಸ್ವಂತ ಜನನ ಪತ್ರದಲ್ಲಿ ತಂದೆ ‘ನೆಝಿವಿ’, ಈಕೆ ‘ನೆಝಿವಾ’. ಅಪ್ಪ ಮಗಳ ಹೆಸರೇ ಕೂಡ್ತಿಲ್ಲ.”

“ಅವರಲ್ಲಿ ಗಂಡಸಿಗೊಂದು, ಹೆಂಗಸಿಗೊಂದು ರೂಪ ಸರ್,” ಎಂದೆ. “ನಮ್ಮಲ್ಲಿ ಬಸಪ್ಪ, ಬಸವ್ವ ಇದ್ದಂಗ.”

ಅವನು ತಲೆಯಾಡಿಸಿದ. ಆದರೂ ಒಪ್ಪಲಿಲ್ಲ. “ನಿಮಗೆ ಆ ಭಾಷೆ ಬರಲ್ಲ ಅಂತ ನೀವೇ ಬರೆದೀರಿ. ಈ ಹೆಸರು ಹೆಸರಂತೆಯೇ ಚಲಾವಣೆಯಲ್ಲಿದೆ, ಬೇರೆಯವರಿಗೂ ಇದೆ ಅಂತ ತೋರಿಸ್ರಿ. ಎಲ್ಲಿಂದ ಬಂತು ಅನ್ನೋದನ್ನೂ ಬರೀರಿ. ಮತ್ತೆ, ಈಕೆ ಆ ಮನೆಯ ಸೊಸೆ, ಆ ಮಗುವಿನ ತಾಯಿ ಅಂತ ಅತ್ತೆಯಿಂದ ಒಂದು ಪ್ರಮಾಣಪತ್ರ ತರ್ರಿ. ಆಮೇಲೆ ನೋಡೋಣ.”

ನಮ್ಮ ಕಡೆ ಅಡ್ಡಹೆಸರು ಎಂದರೆ ಹೆಚ್ಚಾಗಿ ಊರಿನ ಹೆಸರು: ತೆಲಿಗಿ, ಬಾಗಳಿ, ಉಜ್ಜಿನಿ. ಇಲ್ಲವೆ ಕಸುಬು, ಹಿತ್ತಲು, ಮನೆಯ ಮುಂದಿನ ಮರ. ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಈ ಹೆಸರಿಗೆ ಮೂಲ ಹುಡುಕುವುದು ಹೇಗೆ? ಜೀವಮ್ಮನ ಸೋದರತ್ತೆ, ಅಂದರೆ ಅವಳ ಅಪ್ಪನ ಅಕ್ಕ, ಇನ್ನೂ ಆ ಹಳ್ಳಿಯಲ್ಲೇ ಇದ್ದಳು. ಅಲ್ಲಿ ಕರೆಂಟು ಇದ್ದಾಗಷ್ಟೇ ಫೋನು. ನನ್ನ ಕೋಣೆಯಲ್ಲಿ ಕೂತು ಜೀವಮ್ಮ ಮಾತಾಡುತ್ತಿದ್ದಳು. ಪ್ರತಿ ವಾಕ್ಯಕ್ಕೂ ಫೋನು ಕೆಳಗಿಳಿಸಿ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಮೂರು ಬಗೆಯ ಮಾತು ಸಿಕ್ಕಿತು. ಮಂಕು ಹಿಡಿದಂತೆ ನಿಧಾನವಾಗಿ ನಡೆಯುವ ಯಾರೋ ಹಿರಿಯನಿಗೆ ಊರವರು ಗೇಲಿಗೆ ಇಟ್ಟ ಹೆಸರು ಎಂದು ಅಲ್ಲಿನ ಮೇಷ್ಟ್ರೊಬ್ಬರು ಹೇಳುತ್ತಿದ್ದರಂತೆ. ಹಿಂದಿನ ದಂಡಾಳುಗಳು ಒಬ್ಬರಿಗೊಬ್ಬರು ಇಂಥ ವಿಚಿತ್ರ ಹೆಸರು ಇಟ್ಟುಕೊಳ್ಳುತ್ತಿದ್ದರು ಎಂದು ಇನ್ನು ಕೆಲವರು. ಮನೆಯವರು ಹೇಳಿಕೊಂಡು ಬಂದದ್ದು ಬೇರೆ: ಹುಟ್ಟಿದಾಗ ಅಳದೆ, ಅಲುಗಾಡದೆ ಬಿದ್ದಿದ್ದ ಒಂದು ಕೂಸಿತ್ತು; ಸತ್ತಿದೆಯೆಂದು ಬಟ್ಟೆ ಸುತ್ತಿಟ್ಟ ಮೇಲೆ ಅತ್ತಿತು; ಅದರ ವಂಶ ಇದು.

ಯಾವುದು ನಿಜವೋ ನನಗೆ ಗೊತ್ತಿಲ್ಲ. ಮೂರನ್ನೂ ಬರೆದುಕೊಂಡೆ.

ಜೀವಮ್ಮನ ಅತ್ತೆಯ, ಅಂದರೆ ತಿಪ್ಪೇಶನ ತಾಯಿಯ, ಪ್ರಮಾಣಪತ್ರಕ್ಕೆ ನಾನೇ ತೆಲಿಗಿಗೆ ಹೋದೆ. ಮಂಡಿ ನೋವಿನಿಂದ ಆಕೆ ಬಸ್ಸು ಹತ್ತಲಾರಳೆಂದು ತಿಪ್ಪೇಶ ಹೇಳಿದ್ದ. ಅರ್ಥದ ವಿಚಾರವನ್ನು ಮೊದಲೇ ತಾನು ತಿಳಿಸಿರುವೆನೆಂದೂ ಹೇಳಿದ್ದ. ಪಡಸಾಲೆಯಲ್ಲಿ ಕೂತ ಆಕೆ ನನಗೆ ಮಂಡಕ್ಕಿ ಒಗ್ಗರಣೆ ಹಾಕಿಸಿ, ಚಹಾ ಮಾಡಿಸಿ ಉಪಚರಿಸಿದಳು. ಸಹಿ ಹಾಕಿಸುವ ಮುನ್ನ ಬರೆದದ್ದನ್ನು ಓದಿ ಹೇಳುವುದು ನಿಯಮ. ಓದುತ್ತಾ ಹೋದೆ: “ನನ್ನ ಸೊಸೆಯ ತವರಿನ ಅಡ್ಡಹೆಸರಾದ ನೆಝಿವಾ ಎಂಬ ಪದಕ್ಕೆ ‘ಜೀವವಿಲ್ಲದವಳು’ ಎಂಬ ಅರ್ಥವಿದ್ದು...”

“ಏನಂದಿ?” ಎಂದಳು ಆಕೆ.

ತಿಪ್ಪೇಶ ಗೋಡೆಯ ಕಡೆ ತಿರುಗಿ ನಿಂತ. ಅವನು ಹೇಳಿರಲಿಲ್ಲ ಎಂಬುದು ಆಗ ನನಗೆ ಗೊತ್ತಾಯಿತು.

“ಇನ್ನೊಮ್ಮಿ ಓದವಾ.”

ಓದಿದೆ. ಬೇರೆ ದಾರಿ ಇರಲಿಲ್ಲ. ಆಕೆಯ ಮುಖದ ಮೇಲಿನ ನಗು ಹಾಗೆಯೇ ಉಳಿದು, ಕಣ್ಣುಗಳು ಮಾತ್ರ ಬದಲಾದವು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ನೋಡಿದಳು.

“ದಿನಾ ಬೆಳಗಾದ್ರ ಜೀವಾ, ಜೀವಾ ಅಂತ ಕರದೀನಿ. ನೀನು ‘ಓ’ ಅಂದಿ. ಒಂದಿನಾನೂ ಹೇಳಲಿಲ್ಲಲ್ಲ?”

“ಅತ್ತಿ, ನೀವು ಕರಿಯೋದು ಚೊಲೋ ಇತ್ತು,” ಎಂದಳು ಜೀವಮ್ಮ. “ನನಗ ಹಂಗ ಯಾರೂ ಕರದಿರಲಿಲ್ಲ.”

ಆಕೆ ಪೆನ್ನನ್ನು ನೆಲದ ಮೇಲಿಟ್ಟು ನನ್ನ ಕಡೆ ಸರಿಸಿದಳು. “ಇಂಥ ಮಾತಿನ ಕೆಳಗ ನಾನು ಸಹಿ ಹಾಕಂಗಿಲ್ಲ. ಕೂಸು ಆಡೋ ಮನಿ ಇದು.”

ಬಸ್ಸಿನಲ್ಲಿ ವಾಪಸು ಬರುವಾಗ ಕಾಗದಗಳು ನನ್ನ ತೊಡೆಯ ಮೇಲಿದ್ದವು. ತುಂಬಿದ ಮನೆಯೊಂದಕ್ಕೆ ಹೋಗಿ ಒಂದು ವಾಕ್ಯ ಓದಿ ಬಂದಿದ್ದೆ. ನಿಯಮದ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ.

ಪಕ್ಕದ ಕೋಣೆಯ ವಕೀಲರಿಗೆ ಇದೆಲ್ಲ ತಲೆನೋವಿನ ಕೆಲಸವಾಗಿ ಕಂಡಿತು. “ಹೆಸರು ಬದಲಿ ಮಾಡಿಸಿಬಿಡ್ರಿ. ‘ಇನ್ನು ಮುಂದೆ ಜೀವಮ್ಮ’ ಅಂತ ಒಂದು ಅಫಿಡವಿಟ್, ಪೇಪರಿನಾಗ ಒಂದು ಪ್ರಕಟಣೆ. ಅತ್ತೆಗೂ ಸಮಾಧಾನ, ಆಫೀಸಿನವರಿಗೂ ಸಮಾಧಾನ.” ನನಗೂ ಅದೇ ಸರಿ ಎನ್ನಿಸಿತು. ಕರಡು ತಯಾರಿಸಿದೆ.

ಜೀವಮ್ಮ ಅದನ್ನು ಓದಿ ಮಡಚಿಟ್ಟಳು. “ಬ್ಯಾಡ್ರಿ ಅಕ್ಕಾರ.”

“ಯಾಕವಾ?”

“ನಮ್ಮಪ್ಪ ಲಡಾಯಿಗೆ ಹೋಗ್ಯಾನ. ಆಮ್ಯಾಲ ಸುದ್ದಿ ಇಲ್ಲ. ಕಾಣಿಯಾದವರನ್ನ ಹುಡುಕೋರು ಮನಿ ಹೆಸರು ಹಿಡಿದು ಹುಡುಕ್ತಾರ. ಅವ ಸಿಕ್ಕ ದಿನ, ಮಗಳು ಯಾರು ಅಂತ ಕೇಳಿದ್ರ, ನನ್ನ ಕಾಗದದಾಗ ಬ್ಯಾರೆ ಹೆಸರು ಇರಬಾರದು.”

ಇಷ್ಟು ದಿನ ನನ್ನ ಎದುರು ಕೂತಿದ್ದವಳು ಈ ಮಾತನ್ನು ಒಮ್ಮೆಯೂ ಆಡಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಕರಡನ್ನು ಡ್ರಾಯರಿಗೆ ಹಾಕಿದೆ. ಹರಿಯುವ ಧೈರ್ಯ ಇನ್ನೂ ಬಂದಿರಲಿಲ್ಲ.

ಆ ಹೆಸರು ಬೇರೆಯವರಿಗೂ ಇದೆ ಎಂದು ತೋರಿಸುವುದು ಬಾಕಿಯಿತ್ತು. ಏನಾದರೂ ಕಳಿಸಲು ಸೋದರತ್ತೆಗೆ ಹೇಳಿದೆವು. ಆಕೆ ಊರ ಸ್ಮಶಾನಕ್ಕೆ ಹೋಗಿ ಗೋರಿಕಲ್ಲುಗಳ ಫೋಟೋ ತೆಗೆದು ಕಳಿಸಿದಳು. ಕಲ್ಲಿನಿಂದ ಕಲ್ಲಿಗೆ ಅದೇ ಹೆಸರು, ಗಂಡಸರದು ಒಂದು ರೂಪ, ಹೆಂಗಸರದು ಒಂದು ರೂಪ. ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಪ್ರತಿ ಕಲ್ಲಿನ ಅಕ್ಷರಗಳನ್ನು ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಫೋಟೋ ಅಂಟಿಸಿ, ಅಚ್ಚುಕಟ್ಟಾಗಿ ಜೋಡಿಸಿ ತೆಗೆದುಕೊಂಡು ಹೋದೆ.

ಅಧಿಕಾರಿ ಹಾಳೆ ತಿರುವುತ್ತಾ ಹೋದ. ಕೊನೆಗೆ ಕನ್ನಡಕ ತೆಗೆದ.

“ಇವರೆಲ್ಲಾ ಸತ್ತವರೇ ಅಲ್ಲೇನ್ರಿ?”

ಅವನು ಒಂದು ಗೋರಿಕಲ್ಲಿನ ಫೋಟೋದ ಮೇಲೆ ಬೆರಳಿಟ್ಟ.

“ಸತ್ತವರ ಕಲ್ಲಿನ ಮೇಲೆ ‘ಜೀವ ಇಲ್ಲ’ ಅಂತ ಬರೆದಿದ್ದರೆ ಅದು ಹೆಸರು ಅಂತ ನಾನು ಹೆಂಗ ತಿಳ್ಕೊಳ್ಳಲಿ? ನೀವೇ ಹೇಳ್ರಿ ಮೇಡಂ.”

ಅವನು ಹಂಗಿಸುತ್ತಿರಲಿಲ್ಲ. ಅವನ ಮಾತಿನಲ್ಲಿ ನ್ಯಾಯವಿತ್ತು. ಜಗತ್ತಿನಲ್ಲಿ ಯಾವ ಅಡ್ಡಹೆಸರಿಗೂ ಇಲ್ಲದ ಸಂಕಟ ಈ ಹೆಸರಿಗಿತ್ತು; ಸ್ಮಶಾನದ ಸಾಕ್ಷಿ ಅದಕ್ಕೆ ನಡೆಯುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಜೀವಮ್ಮ ಫೋಟೋಗಳನ್ನು ಒಂದೊಂದಾಗಿ ಎತ್ತಿ ಜೋಡಿಸಿಕೊಂಡಳು. ಅವುಗಳಲ್ಲಿ ಒಂದು ಅವಳ ತಾಯಿಯದು.

ಕೋಣೆಗೆ ಬಂದವಳೇ ಡ್ರಾಯರಿನಿಂದ ಹೆಸರು ಬದಲಾವಣೆಯ ಕರಡು ತೆಗೆದು ಹರಿದು ಹಾಕಿದೆ. ಅರ್ಥವನ್ನು ಮರೆಸುವ, ಮೆತ್ತಗೆ ಮಾಡುವ, ಚೆನ್ನಾಗಿ ಕಾಣುವಂತೆ ತಿದ್ದುವ ಕೆಲಸದಿಂದಲೇ ಇದೆಲ್ಲ ಶುರುವಾಗಿತ್ತು. ಇನ್ನು ಆ ಪದ ಏನು ಹೇಳುತ್ತದೋ ಅದನ್ನೇ ಪೂರ್ತಿ ಬರೆಯುವುದು, ಆ ಹೆಸರು ಹೊತ್ತು ಉಸಿರಾಡುತ್ತಿರುವವರನ್ನು ಹುಡುಕುವುದು ಎಂದು ನಿಶ್ಚಯಿಸಿದೆ.

ಸೋದರತ್ತೆಗೆ ಹೇಳಿಸಿದೆ: “ಬದುಕಿರುವವರು ಬೇಕು. ಒಬ್ಬೊಬ್ಬರೂ ತಮ್ಮ ಗುರುತಿನ ಚೀಟಿ ಹಿಡಿದು ನಿಂತ ಫೋಟೋ ಬೇಕು.” ಆಕೆ ಸೈಕಲ್ಲಿನ ಮೇಲೆ ಪಕ್ಕದ ಹಳ್ಳಿಗಳಿಗೆ ಹೋಗುವೆನೆಂದಳು. ಅದೇ ಕೊನೆಯ ಮಾತು. ಆಮೇಲೆ ಫೋನು ಹತ್ತಲಿಲ್ಲ. ಆ ಸೀಮೆಯ ಮೇಲೆ ದಾಳಿಯಾದ ಸುದ್ದಿ ಟೀವಿಯಲ್ಲಿ ಬಂತು. ಕಾಗದಕ್ಕೆಂದು ಒಬ್ಬ ಮುದುಕಿಯನ್ನು ರಸ್ತೆಗೆ ಕಳಿಸಿದ್ದೆ.

ಹಾಗೆ ಕಾಯುತ್ತಿದ್ದ ಒಂದು ಮಧ್ಯಾಹ್ನ, ನನ್ನ ಕೋಣೆಯ ಮೆಟ್ಟಿಲ ಬಳಿ ಒಬ್ಬಾಕೆ ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದಳು. ತಿಪ್ಪೇಶನ ತಾಯಿ. ತೆಲಿಗಿಯಿಂದ ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಳು. ಕೈಹಿಡಿದು ಒಳಗೆ ಕರೆತಂದು ನೀರು ಕೊಟ್ಟೆ.

“ಆ ಹುಡುಗಿ ಫೋನು ಹಿಡಕೊಂಡು ಕುಂತುಬಿಟ್ಟಾಳ. ಉಣವಲ್ಲಳು,” ಎಂದಳು. “ಏನಾತು ಅಂತ ಬಿಡಿಸಿ ಬಿಡಿಸಿ ಕೇಳಿದೆ. ಆ ಸತ್ತಂಗ ಹುಟ್ಟಿದ ಕೂಸಿನ ಕಥಿ ಹೇಳಿದ್ಲು. ಕೇಳಿ ಮೈಯಾಗ ಝುಂ ಅಂತು, ಯವ್ವಾ.”

ನೀರಿನ ಲೋಟ ಕೆಳಗಿಟ್ಟು ಮುಂದುವರಿಸಿದಳು. “ನನ್ನ ಮಗಗ ತಿಪ್ಪೇಶ ಅಂತ ಯಾಕ ಹೆಸರಿಟ್ಟೆ ಗೊತ್ತೈತೇನು? ಅವನಕಿಂತ ಮೊದಲ ಎರಡು ಕೂಸು ಹೋದವು. ಇವ ಹುಟ್ಟಿದಾಗ ನಮ್ಮತ್ತಿ ಜ್ವಾಳ ಕೇರೋ ಮೊರದಾಗ ಹಾಕ್ಕೊಂಡು ಹೋಗಿ ತಿಪ್ಪಿ ಮ್ಯಾಲಿಟ್ಲು. ಬಾಜೂಮನಿ ಸಾಬರ ಹೆಣ್ಣುಮಗಳು ಎತ್ತಿಕೊಂಡು ಬಂದ್ಲು. ಆಕಿಗೆ ಹಿಡಿ ಜ್ವಾಳ ಕೊಟ್ಟು ನನ್ನ ಮಗನ್ನ ನಾನ ಕೊಂಡುಕೊಂಡೆ. ಇದು ಯಾರೋ ಬಿಸಾಕಿದ ಕೂಸು, ಇದರ ಗೊಡವಿ ಬ್ಯಾಡ ಅಂತ ಸಾವು ತಿಳ್ಕೊಳ್ಳಲಿ ಅಂತ.”

ನಾನು ತಿಪ್ಪೇಶ ಎಂಬ ಹೆಸರನ್ನು ಈ ಕೆಲಸದಲ್ಲಿ ಎಷ್ಟು ಸಲ ಬರೆದಿದ್ದೆನೋ. ನನ್ನ ಸ್ವಂತ ಅಜ್ಜನ ಹೆಸರು ಫಕೀರಸಾಬ. ಹುಟ್ಟಿದೊಡನೆ ಫಕೀರರಿಗೆ ಕೊಟ್ಟು, ಅವರಿಂದ ಬೇಡಿ ತಂದ ಕೂಸು ಎಂದು ಮನೆಯಲ್ಲಿ ಹೇಳುವುದನ್ನು ಸಣ್ಣವಳಿದ್ದಾಗಿನಿಂದ ಕೇಳಿದವಳು. ಆದರೂ ಹೊಳೆದಿರಲಿಲ್ಲ. ಕುರ್ಚಿಯಲ್ಲಿ ಹಾಗೆಯೇ ಹಿಂದಕ್ಕೆ ಒರಗಿದೆ.

“ಅವರೂ ಹಂಗ ಮಾಡ್ಯಾರ,” ಎಂದಳು ಆಕೆ. “ಇಲ್ಲಿ ಜೀವ ಇಲ್ಲಪ್ಪ, ಮುಂದಕ್ಕ ಹೋಗು ಅಂದಾರ. ಎಲ್ಲಿಯ ಊರು, ಎಲ್ಲಿಯ ಮಂದಿ! ಆ ಕಾಗದ ತಗಿ. ನನ್ನ ಮಗನ ಮಾತೂ ಬರಿ ಅದರಾಗ. ಸಹಿ ಹಾಕ್ತೀನಿ.”

ಬರೆದೆ. ಅನುವಾದಕಿಯ ಟಿಪ್ಪಣಿಗೆ ನಾಲ್ಕನೆಯ ವಿವರಣೆಯಾಗಿ ಅದನ್ನು ಸೇರಿಸಿದೆ: ಇದು ಖಚಿತವೆಂದು ಹೇಳಲಾಗದು, ಆದರೆ ಮಕ್ಕಳನ್ನು ಉಳಿಸಿಕೊಳ್ಳಲು ಇಂಥ ಹೆಸರಿಡುವ ರೂಢಿ ನಮ್ಮಲ್ಲೂ ಇದೆ. ಆಕೆ ಅಕ್ಷರ ಕೂಡಿಸಿ ಕೂಡಿಸಿ, ಹಾಳೆ ತೂತಾಗುವಷ್ಟು ಒತ್ತಿ ಸಹಿ ಮಾಡಿದಳು.

ಫೋಟೋಗಳು ಬಂದದ್ದು ನಾವೆಲ್ಲ ಆಸೆ ಬಿಟ್ಟ ಮೇಲೆ. ಫೋನಿನ ಗೋಪುರ ಬಿದ್ದಿತ್ತಂತೆ. ಮುದುಕಿ ಪಟ್ಟಣಕ್ಕೆ ಹೋಗಿ ಅಲ್ಲಿಂದ ಕಳಿಸಿದ್ದಳು. ಬಾತುಕೋಳಿಯನ್ನು ಕಂಕುಳಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಚೀಟಿ ಹಿಡಿದ ಹೆಂಗಸು. ಊರುಗೋಲಿನ ಮುದುಕ. ನರ್ಸಿನ ಉಡುಪಿನ ಹುಡುಗಿ. ಆ ಸೀಮೆಯವರೇ ಅಲ್ಲದ, ಪೂರ್ವದ ಕಡೆಯಿಂದ ಓಡಿಬಂದು ಪಕ್ಕದ ಹಳ್ಳಿಯಲ್ಲಿ ನೆಲೆಸಿದ ಒಂದು ಕುಟುಂಬ. ಅವರಿಗೂ ಇದೇ ಹೆಸರು, ಇವರಿಗೂ ಅವರಿಗೂ ಯಾವ ಸಂಬಂಧವೂ ಇಲ್ಲ. ಕೊನೆಯ ಫೋಟೋದಲ್ಲಿ ಸೋದರತ್ತೆಯೇ, ಸೈಕಲ್ ಹಿಡಿದು. ಜೀವಮ್ಮ ಫೋನನ್ನು ಹಣೆಗೆ ಒತ್ತಿಕೊಂಡಳು. ಅವಳ ಅತ್ತೆ ಆ ಮುದುಕಿಯ ಫೋಟೋವನ್ನು ತುಂಬ ಹೊತ್ತು ನೋಡಿ, “ಬೀಗ್ತಿ ಗಟ್ಟಿ ಅದಾಳ,” ಎಂದಳು.

ಅಧಿಕಾರಿ ಈ ಸಲ ಎಲ್ಲವನ್ನೂ ಓದಿದ. ತಿಪ್ಪೆಯ ಪ್ರಸಂಗ ಬಂದಾಗ ಓದುವುದನ್ನು ನಿಲ್ಲಿಸಿ ತಿಪ್ಪೇಶನನ್ನು ನೋಡಿದ, ಮತ್ತೆ ಓದಿದ. ಟಿಪ್ಪಣಿಯ ಅಂಚಿನಲ್ಲಿ ‘ಒಪ್ಪಿದೆ’ ಎಂದು ಬರೆದು, ಶಾಲೆಯ ದಾಖಲೆ ತಿದ್ದಲೂ ಒಂದು ಪತ್ರ ಮಾಡಿಸಿಕೊಟ್ಟ. ಕೆಲವು ವಾರಗಳಲ್ಲಿ ಪರವಾನಗಿ ಬಂತು.

ಅದನ್ನು ತೋರಿಸಲು ಬಂದ ದಿನ ಜೀವಮ್ಮ ಒಬ್ಬಳೇ ಇದ್ದಳು. ಅತ್ತೆ ಕಳಿಸಿದ್ದ ಸಜ್ಜೆ ರೊಟ್ಟಿಯ ಗಂಟನ್ನು ಮೇಜಿನ ಮೇಲಿಟ್ಟು, ಎದುರಿನ ಕುರ್ಚಿಯಲ್ಲಿ ಕೂತಳು.

“ಇನ್ನೊಂದು ಕಾಗದ ಬರೀಬೇಕ್ರಿ ಅಕ್ಕಾರ. ಇಂಗ್ಲಿಷಿನಾಗ. ಕಾಣಿಯಾದವರನ್ನ ಹುಡುಕೋರಿಗೆ. ನಮ್ಮಪ್ಪಂದು.”

ಹೊಸ ಹಾಳೆ ತೆಗೆದುಕೊಂಡೆ. ವಯಸ್ಸು, ಎತ್ತರ, ಎಡ ಹುಬ್ಬಿನ ಮೇಲಿನ ಗಾಯದ ಗುರುತು, ಕೊನೆಯ ಸಲ ಫೋನು ಮಾಡಿದ ಊರು, ಅವಳು ಒಂದೊಂದಾಗಿ ಹೇಳಿದಳು. ಎಲ್ಲವನ್ನೂ ಬರೆದು ಕೊನೆಗೆ ಹೆಸರಿಗೆಂದು ಖಾಲಿ ಬಿಟ್ಟಿದ್ದ ಮೇಲಿನ ಸಾಲಿಗೆ ಬಂದೆ. ನೆಝಿವಿ ಎಂದು ಬರೆದು ಪೆನ್ನು ತಡೆದೆ. ಈ ಹಾಳೆ ಯಾರ ಯಾರ ಕೈಗೆ ಹೋಗುವುದೋ, ಯಾವ ಯಂತ್ರ ಓದುವುದೋ.

ಹೆಸರಿನ ಪಕ್ಕದಲ್ಲೇ, ದೊಡ್ಡ ಅಕ್ಷರಗಳಲ್ಲಿ, ಇದು ಆತನ ಅಡ್ಡಹೆಸರು, ಆತನ ಸ್ಥಿತಿ ಅಲ್ಲ ಎಂದು ಬರೆದೆ. ಜೀವಮ್ಮ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಆ ಸಾಲನ್ನು ಓದಿದಳು. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಅದರ ಕೆಳಗೆ ತಾನೇ ಒಂದು ಗೆರೆ ಎಳೆದಳು.